ಮೊದಲು ಉಸಿರು, ಆಮೇಲೆ ಅರಿವಳಿಕೆ

ನಮ್ಮೂರು ಮಳವಳ್ಳಿ. ಒಂದಿನ ಸಂಜೆ ಮದ್ದೂರು ಹತ್ತಿರ ಕಾರು ಹೊಡೆದು ಬಿದ್ದಿದ್ದ ನಾಯಿಯೊಂದನ್ನ ಆಟೋದಲ್ಲಿ ಮಂಡ್ಯಕ್ಕೆ ಕರ್ಕೊಂಡು ಹೋದೆ. ಹಿಂಗಾಲು ಮುರಿದಿತ್ತು, ಏದುಸಿರು ಬಿಡ್ತಿತ್ತು. "ಮೊದ್ಲು ಕಾಲು ಆಪರೇಷನ್ ಮಾಡಿ ಸಾರ್" ಅಂದೆ. ಡಾಕ್ಟ್ರು ಎದೆಗೆ ಸ್ಟೆತಸ್ಕೋಪ್ ಇಟ್ಟು, "ಕಾಲು ಕಾಯುತ್ತೆ ಕಣಪ್ಪ, ಉಸಿರು ಕಾಯಲ್ಲ. ಈಗ್ಲೇ ಅರಿವಳಿಕೆ ಕೊಟ್ರೆ ಇದು ಏಳೋದು ಡೌಟು" ಅಂದ್ರು.

ಈ ಮಾತಿನ ಹಿಂದೆ ದೊಡ್ಡ ಇತಿಹಾಸ ಇದೆ.

ಪೆಟ್ಟು ಬಿದ್ದು ಎದೆಗೂಡಿನೊಳಗೆ ಗಾಳಿ ಸೇರಿದರೆ ಶ್ವಾಸಕೋಶ ಕುಗ್ಗುತ್ತದೆ. ನಾಯಿ ಕಷ್ಟಪಟ್ಟು ಉಸಿರೆಳೆದು ಬದುಕಿರುತ್ತದೆ. ಅರಿವಳಿಕೆ ಕೊಟ್ಟರೆ ಆ ಶಕ್ತಿಯೂ ಕುಂದುತ್ತದೆ.

ಇದಕ್ಕೆ ದಾರಿ ತೋರಿಸಿದವನು ವೆಸೇಲಿಯಸ್. ಎದೆ ತೆರೆದ ಪ್ರಾಣಿಯ ಶ್ವಾಸನಾಳಕ್ಕೆ ಜೊಂಡಿನ ಕೊಳವೆ ಹಾಕಿ ಊದಿದರೆ ಶ್ವಾಸಕೋಶ ಮತ್ತೆ ಉಬ್ಬುತ್ತದೆ ಅಂತ 1543ರಲ್ಲೇ ಬರೆದ. 1667ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ರಾಬರ್ಟ್ ಹುಕ್, ಎದೆ ತೆರೆದ ನಾಯಿಯನ್ನು ತಿದಿಯಿಂದ ಗಾಳಿ ಊದಿ ಬದುಕಿಸಿಟ್ಟ. ಹೌದು, ಕಮ್ಮಾರರ ಕುಲುಮೆಯಲ್ಲಿರುತ್ತಲ್ಲ, ಅಂಥದೇ ತಿದಿ. ಆಗ ಅರಿವಳಿಕೆ ಇರಲಿಲ್ಲ. ಆ ನಾಯಿ ನೋವನ್ನೆಲ್ಲ ಅನುಭವಿಸಿತು.

1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಂತು. ಆದರೆ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ದಿಢೀರಂತ ಸಾಯ್ತಿದ್ದರು. ಮೊದಲು ನಿಲ್ಲೋದು ಉಸಿರೋ, ಹೃದಯವೋ? ಉತ್ತರ ಹುಡುಕೋಕೆ ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಪ್ರಯೋಗ ನಡೆಸಿದರು. ನೂರಾರು ಪ್ರಾಣಿಗಳು, ಬಹುಪಾಲು ನಾಯಿಗಳು. 'ಮೊದಲು ನಿಲ್ಲೋದು ಉಸಿರು, ಅದನ್ನೇ ನೋಡ್ತಿರಿ' ಅನ್ನೋದು ಅವರ ತೀರ್ಮಾನ. ಅದು ಅರ್ಧ ಸತ್ಯ. ಹೃದಯವೂ ತಟ್ಟನೆ ನಿಲ್ಲಬಹುದು ಅಂತ 1911ರಲ್ಲಿ ಲೆವಿ ಬೆಕ್ಕುಗಳಲ್ಲಿ ತೋರಿಸಿದರು. ಎದೆಗೆ ಪೆಟ್ಟಾದ ಪ್ರಾಣಿಯಲ್ಲಿ ಹೃದಯದ ಬಡಿತವೂ ತಪ್ಪಬಹುದು. ಅದಕ್ಕೇ ಎರಡನ್ನೂ ನೋಡ್ತಿರಬೇಕು.

1909ರಲ್ಲಿ ನ್ಯೂಯಾರ್ಕಿನ ಮೆಲ್ಟ್ಜರ್ ಮತ್ತು ಆವರ್, ಶ್ವಾಸನಾಳದ ಕೊಳವೆಯಿಂದಲೇ ಗಾಳಿ, ಈಥರ್ ಎರಡನ್ನೂ ಕಳಿಸಿದರು. ಎದೆ ತೆರೆದಿದ್ದರೂ ನಾಯಿ ಬದುಕಿತು, ಅದೂ ಅರಿವಿಲ್ಲದೆ.

ಮಂಡ್ಯದಲ್ಲಿ ಆ ರಾತ್ರಿ ಡಾಕ್ಟ್ರು ಆಕ್ಸಿಜನ್ ಕೊಟ್ಟರು, ಎದೆಯೊಳಗಿನ ಗಾಳಿಯನ್ನ ಸೂಜಿಯಿಂದ ತೆಗೆದರು. ಕಾಲಿನ ಆಪರೇಷನ್ ಆಗಿದ್ದು ಮೂರನೇ ದಿನ, ಶ್ವಾಸನಾಳಕ್ಕೆ ಕೊಳವೆ ಹಾಕಿ. ನಾಯಿ ಎದ್ದು ಬಾಲ ಅಲ್ಲಾಡಿಸ್ತು.

ಆ ಕೊಳವೆಯ ಪಾಠ ನಮಗೆ ಸಿಕ್ಕಿದ್ದು ಹೆಸರೇ ಇಲ್ಲದ ಎಷ್ಟೋ ನಾಯಿಗಳಿಂದ. ರಸ್ತೆ ಬದಿ ಅಂಥದೊಂದು ನಾಯಿ ಕಂಡರೆ ಎದೆ ಒತ್ತಬೇಡಿ, ಬಾಯಿಗೆ ನೀರು ಹುಯ್ಯಬೇಡಿ. ಹಲಗೆ ಮೇಲೆ ಮಲಗಿಸಿ ಬೇಗ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.