ಲಾಭದ ಸಾಲಿನ ಕೆಳಗೆ ಏನಿತ್ತು? ಬೆಂಗಳೂರಿನ ಎರಡು ಕಂಪನಿಗಳ ಲೆಕ್ಕದ ಕಥೆ



ಬೆಳಿಗ್ಗೆ ಒಂಬತ್ತೂಕಾಲಿಗೆ ಚಂದಾಪುರ ಸರ್ಕಲ್‌ನಲ್ಲಿ ನಿಂತು ನೋಡಿ. ಆನೇಕಲ್ ಕಡೆಯಿಂದ ಬಂದವರು, ಅತ್ತಿಬೆಲೆ ಕಡೆಯಿಂದ ಬಂದವರು, ಎಲೆಕ್ಟ್ರಾನಿಕ್ ಸಿಟಿ ಬಸ್ಸಿಗೆ ಕಾಯೋರು, ಬೊಮ್ಮಸಂದ್ರಕ್ಕೆ ಹೋಗಿ ಮೆಟ್ರೊ ಹಿಡಿಯೋರು. ಷೇರು ಮಾರುಕಟ್ಟೆ ತೆರೆಯೋ ಹೊತ್ತೂ ಅದೇ. ಹಾಗಾಗಿ ಆ ಗದ್ದಲದಲ್ಲೂ ಯಾರದೋ ಒಬ್ಬರ ಮೊಬೈಲಲ್ಲಿ ಹಸಿರು, ಕೆಂಪು ಅಂಕಿಗಳು ಓಡ್ತಾ ಇರುತ್ತವೆ.

ಷೇರಿನ ಬೆಲೆ ಎಲ್ಲರಿಗೂ ಕಾಣುತ್ತೆ. ಕಂಪನಿ ಗಟ್ಟಿ ಇದೆಯಾ ಅನ್ನೋದು ಕಾಣಲ್ಲ. ಷೇರಿನ ಮಾತು ಬಿಡಿ, ನಿಮಗೆ ಸಂಬಳ ಕೊಡೋ ಕಂಪನಿ ಮುಂದಿನ ವರ್ಷವೂ ಕೊಡುತ್ತಾ? ಅದಕ್ಕೆ ಉತ್ತರದ ಸುಳಿವು ಇರೋದು ವರ್ಷಕ್ಕೊಮ್ಮೆ ಬರೋ, ಹೆಚ್ಚಿನವರು ತೆರೆದೂ ನೋಡದ ವಾರ್ಷಿಕ ವರದಿಯಲ್ಲಿ. ಇವತ್ತಿನ ಕಥೆ ಅದರದ್ದು.

ಮೊದಲು ಪಕ್ಕದಲ್ಲೇ ಇರೋ ಕಂಪನಿ, ಇನ್ಫೋಸಿಸ್. 1981ರಲ್ಲಿ ಪುಣೆಯಲ್ಲಿ ಏಳು ಜನ 10,000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದು, 1983ರಲ್ಲಿ ಬೆಂಗಳೂರಿಗೆ ಬಂತು. 1993ರ ಫೆಬ್ರವರಿಯಲ್ಲಿ ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರ ಮುಂದೆ ಬಂದಾಗ ಜನ ಮುಗಿಬೀಳಲಿಲ್ಲ. ಷೇರು ಪೂರ್ತಿ ಮಾರಾಟವೇ ಆಗಲಿಲ್ಲ. ಕೊನೆಗೆ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ 13 ಪರ್ಸೆಂಟ್ ತಗೊಂಡು ಕಾಪಾಡಿತು. ಜನರ ಅನುಮಾನಕ್ಕೆ ಅರ್ಥ ಇತ್ತು. ಸಿಮೆಂಟ್ ಕಂಪನಿಗೆ ಕಾರ್ಖಾನೆ ಇದೆ, ಜಮೀನಿದೆ. ಸಾಫ್ಟ್‌ವೇರ್ ಕಂಪನಿಯ ಆಸ್ತಿ ಸಂಜೆ ಮನೆಗೆ ಹೋಗಿಬಿಡುತ್ತೆ!

ಅದಕ್ಕೆ ಇನ್ಫೋಸಿಸ್ ಹಿಡಿದ ದಾರಿ, ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಹೇಳೋದು. 90ರ ದಶಕದಲ್ಲಿ ಅದರ ವಾರ್ಷಿಕ ವರದಿ ದಪ್ಪ ಆಗ್ತಾ ಹೋಯ್ತು. ಉದ್ಯೋಗಿಗಳ ಮೌಲ್ಯ ಇಷ್ಟು, ಬ್ರ್ಯಾಂಡಿನ ಮೌಲ್ಯ ಇಷ್ಟು ಅಂತ ಲೆಕ್ಕ ಹಾಕಿ ಅಚ್ಚು ಹಾಕಿದ್ರು. ಆದರೆ ಅದನ್ನ ಅಧಿಕೃತ ಬ್ಯಾಲೆನ್ಸ್ ಶೀಟಿನೊಳಗೆ ಸೇರಿಸಲಿಲ್ಲ. ಬೇರೆ ಪುಟದಲ್ಲಿಟ್ಟು, ಈ ಲೆಕ್ಕದ ವಿಧಾನಗಳ ಬಗ್ಗೆ ಇನ್ನೂ ಚರ್ಚೆ ಇದೆ, ಇದನ್ನ ನಂಬಿ ಕಂಪನಿಯ ಭವಿಷ್ಯ ಹೇಳೋದು ಅಪಾಯ ಅಂತ ತಾವೇ ಎಚ್ಚರಿಕೆ ಕೊಟ್ರು. ಈ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 1999ರ ಮಾರ್ಚ್‌ನಲ್ಲಿ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಸೇರಿತು. ಭಾರತದಲ್ಲಿ ನೋಂದಣಿಯಾದ ಕಂಪನಿಗಳಲ್ಲಿ ಅಲ್ಲಿಗೆ ಹೋದದ್ದು ಇದೇ ಮೊದಲು.

ಇದೇ ದಶಕದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯ್ತು. ಅಲ್ಲಿವರೆಗೆ ನಮ್ಮ ಕಂಪನಿಗಳು ಮುಖ್ಯವಾಗಿ ತೋರಿಸ್ತಿದ್ದದ್ದು ಲಾಭ-ನಷ್ಟದ ಖಾತೆ ಮತ್ತು ಬ್ಯಾಲೆನ್ಸ್ ಶೀಟ್. 1995ರಲ್ಲಿ ಸೆಬಿ, ಷೇರುಪೇಟೆಯಲ್ಲಿರೋ ಕಂಪನಿಗಳು ಕ್ಯಾಶ್ ಫ್ಲೋ ಪಟ್ಟಿಯನ್ನೂ ಕೊಡಬೇಕು ಅಂತ ಮಾಡಿತು.

ಏನಿದು? ಚಂದಾಪುರದಲ್ಲಿ ಒಬ್ಬರು ಮೆಸ್ ನಡೆಸ್ತಾರೆ ಅಂದ್ಕೊಳ್ಳಿ. ಒಂದು ಫ್ಯಾಕ್ಟರಿಗೆ ತಿಂಗಳಿಗೆ 1 ಲಕ್ಷ ರೂಪಾಯಿಯ ಊಟ ಕಳಿಸ್ತಾರೆ, ಖರ್ಚು 80,000. ಪುಸ್ತಕದಲ್ಲಿ 20,000 ಲಾಭ ಬರೆದಾಯ್ತು. ಆದರೆ ಫ್ಯಾಕ್ಟರಿಯವರು ದುಡ್ಡು ಕೊಡೋದು ಮೂರು ತಿಂಗಳಾದ್ಮೇಲೆ. ಅಕ್ಕಿ ಅಂಗಡಿಯವರು ಅಲ್ಲಿವರೆಗೆ ಕಾಯ್ತಾರಾ? ಲೆಕ್ಕದಲ್ಲಿ ಲಾಭ, ಗಲ್ಲಾಪೆಟ್ಟಿಗೆ ಖಾಲಿ. ಗಲ್ಲಾಪೆಟ್ಟಿಗೆಯ ಕಥೆ ಹೇಳೋದೇ ಕ್ಯಾಶ್ ಫ್ಲೋ. ಲಾಭ ವರ್ಷವರ್ಷ ಏರ್ತಾ, ವ್ಯವಹಾರದಿಂದ ಬರೋ ಕ್ಯಾಶ್ ಮಾತ್ರ ಬರ್ತಾ ಇಲ್ಲ ಅಂದ್ರೆ ಅಲ್ಲಿ ನಿಂತು ಕೇಳ್ಬೇಕು.

ಈಗ ವಿಠ್ಠಲ್ ಮಲ್ಯ ರಸ್ತೆಯ ಯುಬಿ ಟವರ್‌ಗೆ ಬನ್ನಿ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿತು. ಕೆಂಪು ಬಣ್ಣ, ಒಳ್ಳೆ ಊಟ, ಸೀಟಿಗೊಂದು ಟಿವಿ. 2007ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ನಲ್ಲಿ ಪಾಲು ತಗೊಂಡು ಆಮೇಲೆ ಅದನ್ನೇ ತನ್ನೊಳಗೆ ಸೇರಿಸ್ಕೊಂಡಿತು. ಹೊರಗಿನಿಂದ ನೋಡಿದ್ರೆ ಬೆಳೀತಿರೋ ಕಂಪನಿ.

ಲೆಕ್ಕದಲ್ಲಿ? 2008-09ರಲ್ಲಿ ಸುಮಾರು 1,600 ಕೋಟಿ ನಷ್ಟ. 2009-10ರಲ್ಲಿ ಸುಮಾರು 1,650 ಕೋಟಿ. 2010-11ರಲ್ಲಿ 1,027 ಕೋಟಿ. ಆಹಾ, ನಷ್ಟ ಕಮ್ಮಿ ಆಯ್ತಲ್ಲ ಅನ್ಸುತ್ತೆ. ಇಲ್ಲೇ ಟಿಪ್ಪಣಿ ಓದಬೇಕಾಗಿದ್ದದ್ದು. ಕಂಪನಿ ತನ್ನ ನಷ್ಟದಿಂದ ನೂರಾರು ಕೋಟಿ ರೂಪಾಯಿಯ ‘ಡೆಫರ್ಡ್ ಟ್ಯಾಕ್ಸ್’ ಅನ್ನೋದನ್ನ ಕಳೆದು ತೋರಿಸ್ತಿತ್ತು. ಸರಳವಾಗಿ ಹೇಳ್ತೀನಿ: ಇವತ್ತು ನಷ್ಟ ಆಗಿದೆ, ನಾಳೆ ಲಾಭ ಬಂದಾಗ ಈ ನಷ್ಟ ತೋರಿಸಿ ತೆರಿಗೆ ಉಳಿಸ್ಕೊಳ್ತೀವಿ, ಹಾಗಾಗಿ ಆ ಉಳಿತಾಯವನ್ನ ಇವತ್ತೇ ಆಸ್ತಿ ಅಂತ ಬರ್ಕೊಳ್ತೀವಿ. ಪದ್ಧತಿ ಸುಳ್ಳಲ್ಲ, ನಿಯಮದಲ್ಲೇ ಇದೆ. ಆದರೆ ಮುಂದೆ ಲಾಭ ಬಂದೇ ಬರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಬೇಕು. ಶುರುವಿನಿಂದ ಒಂದು ವರ್ಷವೂ ಲಾಭ ಮಾಡದ ಕಂಪನಿಗೆ ಆ ಭರವಸೆ ಎಲ್ಲಿಂದ ಬಂತು? ನನಗಂತೂ ಇದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೇ ಕಾಣುತ್ತೆ.

ಆಡಿಟರ್ ಕೂಡ ಸುಮ್ಮನಿರಲಿಲ್ಲ. ಕಂಪನಿ ಮುಂದುವರಿಯುತ್ತೆ ಅನ್ನೋ ಊಹೆ ನಿಲ್ಲಬೇಕಾದ್ರೆ ಹೊಸ ಹಣ ಬರಬೇಕು ಅನ್ನೋ ಅರ್ಥದ ಮಾತು ವರದಿಯಲ್ಲೇ ಇತ್ತು. ಕಾಯಿಲೆ ಹೆಸರು ಚೀಟಿಯಲ್ಲಿ ಬರೆದಿತ್ತು, ಓದಿದವರು ಕಮ್ಮಿ.

ಬ್ಯಾಂಕುಗಳಾದ್ರೂ ಓದಿದ್ವಾ? 2011ರಲ್ಲಿ ಅವು ಸಾಲದ ಒಂದು ಭಾಗವನ್ನ ಷೇರಾಗಿ ಬದಲಾಯಿಸ್ಕೊಂಡವು, ಒಂದು ಷೇರಿಗೆ 64 ರೂಪಾಯಿ 48 ಪೈಸೆಯಂತೆ. ಆಗ ಪೇಟೆಯಲ್ಲಿ ಅದೇ ಷೇರು 40ರ ಆಸುಪಾಸಿನಲ್ಲಿ ಸಿಗ್ತಿತ್ತು. ಸಂತೆಯಲ್ಲಿ 40ಕ್ಕೆ ಸಿಗೋ ಟೊಮೆಟೊನ ಯಾರಾದ್ರೂ 64 ಕೊಟ್ಟು ತರ್ತಾರಾ? ಅದರಲ್ಲಿ ಸ್ಟೇಟ್ ಬ್ಯಾಂಕೂ ಇತ್ತು. ಅಂದ್ರೆ ನಿಮ್ಮ ನಮ್ಮ ಠೇವಣಿ.

2011-12ರಲ್ಲಿ ನಷ್ಟ 2,328 ಕೋಟಿಗೆ ಹೋಯ್ತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು, ಲೈಸೆನ್ಸ್ ಅಮಾನತಾಯ್ತು. ಆ ಹೊತ್ತಿಗೆ ಪೈಲಟ್‌ಗಳಿಗೆ, ಎಂಜಿನಿಯರ್‌ಗಳಿಗೆ, ನೆಲದ ಮೇಲಿನ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಸಂಬಳದಿಂದ ಟಿಡಿಎಸ್ ಅಂತ ಹಿಡಿದ ದುಡ್ಡನ್ನೂ ಕಂಪನಿ ತೆರಿಗೆ ಇಲಾಖೆಗೆ ಕಟ್ಟಿರಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಸಂಕಟ ಆಗೋದು ಇದಕ್ಕೇ. ಷೇರು ಕೊಂಡವರು ಅಪಾಯ ಗೊತ್ತಿದ್ದೇ ಕೊಂಡ್ರು ಅನ್ನಬಹುದು. ಕೆಲಸಕ್ಕೆ ಸೇರೋರು ಯಾರು ಬ್ಯಾಲೆನ್ಸ್ ಶೀಟ್ ನೋಡಿ ಸೇರ್ತಾರೆ?

ಹಾಗಂತ ವರದಿ ಓದಿದ್ರೆ ಎಲ್ಲಾ ಸಿಕ್ಕಿಬಿಡುತ್ತೆ ಅಂತಲ್ಲ. ಹೈದರಾಬಾದಿನ ಸತ್ಯಂ ನೆನಪಿರಬಹುದು. 2009ರ ಜನವರಿ 7ರಂದು ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡ್ರು: ಪುಸ್ತಕದಲ್ಲಿದ್ದ 5,361 ಕೋಟಿ ಕ್ಯಾಶ್ ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ. ಅದರ ಮೇಲೆ ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿಯೂ ಸುಳ್ಳು. ಅಂಥ ಕಡೆ ಮನೇಲಿ ಕೂತು ಪಿಡಿಎಫ್ ಓದೋ ನಾವು ಹಿಡಿಯೋದು ಕಷ್ಟ. ಆದರೆ ಕಿಂಗ್‌ಫಿಷರ್ ಹಾಗಲ್ಲ. ಅಲ್ಲಿ ನಷ್ಟ, ಸಾಲ, ಆಡಿಟರ್ ಮಾತು, ಎಲ್ಲಾ ಅಚ್ಚಾಗಿತ್ತು.

ಓದೋಕೆ ಶುರು ಮಾಡೋರು ಅಧ್ಯಕ್ಷರ ಫೋಟೊ, ಭಾಷಣದ ಪುಟ ದಾಟಿ ಸೀದಾ ಆಡಿಟರ್ ವರದಿಗೆ ಹೋಗಿ. ಆಮೇಲೆ ಕ್ಯಾಶ್ ಫ್ಲೋ, ಸಾಲ, ಕೊನೆಗೆ ಟಿಪ್ಪಣಿಗಳು. ಒಂದೇ ವರ್ಷದ್ದಲ್ಲ, ಐದು ವರ್ಷದ್ದು ಪಕ್ಕಪಕ್ಕ ಇಟ್ಕೊಂಡು ನೋಡಿ. ವರದಿ ಕಂಪನಿಯ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತೆ.

ಇನ್ನು ಆ ಬ್ರ್ಯಾಂಡ್ ವಿಷಯ. ಇನ್ಫೋಸಿಸ್ ತನ್ನ ಬ್ರ್ಯಾಂಡ್ ಬೆಲೆಯನ್ನ ಬೇರೆ ಪುಟದಲ್ಲಿಟ್ಟು ಹುಷಾರು ಅಂದಿತ್ತಲ್ಲ? ಕಿಂಗ್‌ಫಿಷರ್ ಏರ್‌ಲೈನ್ಸ್ ಬ್ರ್ಯಾಂಡಿಗೆ 4,000 ಕೋಟಿಗೂ ಹೆಚ್ಚು ಬೆಲೆ ಕಟ್ಟಲಾಗಿತ್ತು, ಬ್ಯಾಂಕುಗಳು ಅದನ್ನೇ ಅಡಮಾನವಾಗಿ ಇಟ್ಕೊಂಡಿದ್ವು. 2016ರ ಏಪ್ರಿಲ್‌ನಲ್ಲಿ ಹರಾಜಿಗೆ ಇಟ್ಟಾಗ ಮೂಲ ಬೆಲೆ 366 ಕೋಟಿ 70 ಲಕ್ಷ. ಒಬ್ಬರೂ ಕೂಗಲಿಲ್ಲ.