ಸೌದೆ ಪುಕ್ಕಟೆ ಅಂದವರು ಯಾರು? ಅಸ್ತ್ರ ಒಲೆಯ ಕಥೆ

ಇವತ್ತಿನ ಎಪಿಸೋಡ್ ಒಂದು ಒಲೆಯ ಬಗ್ಗೆ. ಇಟ್ಟಿಗೆ, ಮಣ್ಣಿನಲ್ಲಿ ಕಟ್ಟಿದ, ಒಂದೇ ಬೆಂಕಿಗೆ ಮೂರು ಪಾತ್ರೆ ಇಡಬಹುದಾದ, ಹೊಗೆ ಹೊರಗೆ ಹೋಗೋಕೆ ಕೊಳವೆ ಇರೋ ಒಲೆ. ಅಸ್ತ್ರ ಒಲೆ ಅಂತ ಹೆಸರು. ನಿಮ್ಮಲ್ಲಿ ಕೆಲವರ ಅಜ್ಜಿ ಮನೇಲಿ ಇದ್ದಿರಬಹುದು, ಯಾವುದೋ ಕಾಲದಲ್ಲಿ ಒಡೆದು ಹಾಕಿರಲೂಬಹುದು.

ಫೋನಲ್ಲಿ 'ಪರಿಸರಸ್ನೇಹಿ ಮನೆ' ಅಂತ ಹುಡುಕಿದ್ರೆ ಬಿದಿರಿನ ಬ್ರಷ್, ಸ್ಟೀಲ್ ಬಾಟಲಿ, ಬಟ್ಟೆ ಚೀಲ ಎಲ್ಲ ಬರುತ್ತೆ. ಒಳ್ಳೇದೇ. ಆದ್ರೆ ಇವೆಲ್ಲ ಬರೋಕೆ ಎಷ್ಟೋ ಮೊದಲು, ಮನೆಯೊಳಗಿನ ಒಂದೇ ಒಂದು ವಸ್ತು ಬದಲಾದ್ರೆ ಮನೆಯವರ ಶ್ವಾಸಕೋಶವೂ ಉಳಿಯುತ್ತೆ, ಸೌದೆಯೂ ಉಳಿಯುತ್ತೆ ಅಂತ ನಮ್ಮ ತುಮಕೂರು ಜಿಲ್ಲೆಯಲ್ಲಿ ಕೂತು ಯೋಚನೆ ಮಾಡಿದವರಿದ್ರು. ಅವರ ಲೆಕ್ಕ ಎಲ್ಲಿ ಸರಿಹೋಯ್ತು, ಎಲ್ಲಿ ತಪ್ಪಿತು ಅಂತ ನೋಡೋಣ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಒಲೆಯನ್ನೂ ಲೆಕ್ಕದ ಪುಸ್ತಕದ ಕಡೆಯಿಂದಲೇ ನೋಡ್ತೀನಿ, ಸಹಿಸ್ಕೊಳ್ಳಿ.

ಮೊದಲು ಹೊಗೆ. ಸೌದೆ, ಬೆರಣಿ, ಹತ್ತಿಕಡ್ಡಿ ಇವೆಲ್ಲ ಪೂರ್ತಿ ಉರಿಯೋದಿಲ್ಲ. ಉರಿಯದೆ ಉಳಿದದ್ದು ಸಣ್ಣ ಕಣಗಳಾಗಿ, ಕಾರ್ಬನ್ ಮಾನಾಕ್ಸೈಡ್ ಆಗಿ ಅಡುಗೆಮನೆಯಲ್ಲೇ ಸುತ್ತುತ್ತೆ. ಇದನ್ನ 'ಕಣ್ಣುರಿ' ಅಂತಷ್ಟೇ ಎಲ್ಲರೂ ಅಂದುಕೊಂಡಿದ್ರು. 1981ರಲ್ಲಿ ಕರ್ಕ್ ಸ್ಮಿತ್ ಅನ್ನೋ ಅಮೆರಿಕದ ಸಂಶೋಧಕ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ನಾಲ್ಕು ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡೋ ಹೆಂಗಸರ ಮೈಗೇ ಗಾಳಿ ಅಳೆಯೋ ಉಪಕರಣ ಕಟ್ಟಿದ್ರು. ಅಡುಗೆ ಹೊತ್ತಲ್ಲಿ ಒಂದು ಘನ ಮೀಟರ್ ಗಾಳಿಗೆ ಸರಾಸರಿ ಸುಮಾರು 7 ಮಿಲಿಗ್ರಾಂ ಕಣ ಸಿಕ್ತು. ನಗರದ ಗಾಳಿಗೆ ಹಾಕ್ತಿದ್ದ ಮಿತಿಗಳ ಹತ್ತಾರು ಪಟ್ಟು. ಅಲ್ಲೀವರೆಗೆ ವಾಯುಮಾಲಿನ್ಯ ಅಂದ್ರೆ ಕಾರ್ಖಾನೆ ಚಿಮಣಿ, ಲಾರಿ ಹೊಗೆ. ಅತಿ ಕೆಟ್ಟ ಗಾಳಿ ಒಲೆ ಮುಂದೆ ಕೂತವಳ ಮೂಗಿನ ಹತ್ತಿರ ಇದೆ ಅಂತ ಅಳತೆ ಇಟ್ಟು ನೋಡಿದವರು ಬಹಳ ಕಡಿಮೆ. ಇವತ್ತಿಗೂ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ಕ್ಕೆ ಅಂದಾಜು ಮಾಡಿದೆ. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಉಬ್ಬಸದಂಥ ಶ್ವಾಸಕೋಶದ ಕಾಯಿಲೆ, ಹೃದಯದ ತೊಂದರೆ, ಕಣ್ಣಿನ ಪೊರೆ.

ಹೊಗೆ ಇಲ್ಲದ ಒಲೆ ಮಾಡಬೇಕು ಅನ್ನೋ ಆಸೆ ಅದಕ್ಕಿಂತ ಹಳೇದು. ವಾರ್ಧಾದ ಮಗನವಾಡಿಯಲ್ಲಿ, ಜೆ.ಸಿ. ಕುಮಾರಪ್ಪ ಮುಂತಾದವರು ಕೆಲಸ ಮಾಡ್ತಿದ್ದ ಗ್ರಾಮೋದ್ಯೋಗ ಸಂಘದಲ್ಲಿ, 1940ರ ದಶಕದಲ್ಲೇ 'ಮಗನ್ ಚೂಲ್ಹಾ' ಬಂತು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲಿ ಕೋಟ್ಯಂತರ ಜನರಿಗೆ ಹೊಗೆ ಇಲ್ಲದ ಅಡುಗೆಮನೆ ಹೇಗೆ ಅಂತ ಒಂದು ಪುಸ್ತಕವನ್ನೇ ಬರೆದ್ರು. ಆಸೆ ದೊಡ್ಡದು, ಹರಡಿದ್ದು ಕಡಿಮೆ.

ಈಗ ನಮ್ಮ ಕಡೆ ಬರೋಣ. ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್. ಎಲೆಕ್ಟ್ರೋಕೆಮಿಸ್ಟ್ರಿ ಓದಿದವರಿಗೆ ಬೋಕ್ರಿಸ್ ಮತ್ತು ರೆಡ್ಡಿ ಬರೆದ ದಪ್ಪ ಪಠ್ಯಪುಸ್ತಕ ಗೊತ್ತಿರುತ್ತೆ, ಆ ರೆಡ್ಡಿ ಇವರೇ. ಹೆಸರು ಮಾಡಿದ ಕ್ಷೇತ್ರದಲ್ಲಿ ಆರಾಮಾಗಿ ಇರಬಹುದಾಗಿತ್ತು. ಬದಲಿಗೆ 1974ರಲ್ಲಿ ಕೆಲವು ಸಹೋದ್ಯೋಗಿಗಳ ಜೊತೆ 'ಅಸ್ತ್ರ' ಅನ್ನೋ ಗುಂಪು ಕಟ್ಟಿದ್ರು. ವಿಜ್ಞಾನ, ತಂತ್ರಜ್ಞಾನವನ್ನ ಹಳ್ಳಿಗೆ ತಲುಪಿಸೋದು ಅನ್ನೋ ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು, ಕನ್ನಡದ ಕಿವಿಗೆ ಬಾಣದ ಹಾಗೆ ಕೇಳಿಸುತ್ತೆ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ಶುರುವಾಯ್ತು.

ಅವರು ಮೊದಲು ಮಾಡಿದ್ದು ಒಲೆ ಅಲ್ಲ, ಲೆಕ್ಕ. ಉಂಗ್ರದ ಸುತ್ತಮುತ್ತಲ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಮನೆಮನೆ ಸಮೀಕ್ಷೆ ಮಾಡಿದ್ರು. ಕರೆಂಟ್, ಸೀಮೆಎಣ್ಣೆ, ಎತ್ತು ಇವಿಷ್ಟೇ ಅಲ್ಲ, ಮನುಷ್ಯರ ದುಡಿಮೆಯ ಗಂಟೆಗಳನ್ನೂ ಸೇರಿಸಿದ್ರು. ಗಂಡಸಿನ ಗಂಟೆ ಬೇರೆ, ಹೆಂಗಸಿನ ಗಂಟೆ ಬೇರೆ, ಮಕ್ಕಳ ಗಂಟೆ ಬೇರೆ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಬಂದ ಉತ್ತರ ಏನು? ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆ. ಸೌದೆಯಲ್ಲಿ ಬಹುಪಾಲು ಅಡುಗೆಗೆ, ಸ್ನಾನದ ನೀರಿಗೆ. ಅದನ್ನ ಆಯ್ದು, ಹೊತ್ತು ತರೋದ್ರಲ್ಲಿ ಹೆಚ್ಚಿನ ಕೆಲಸ ಹೆಂಗಸರದ್ದು, ಮಕ್ಕಳದ್ದು. ದುಡ್ಡು ಕೊಟ್ಟು ಕೊಂಡದ್ದು ಬಹಳ ಕಡಿಮೆ.

ಆಗ ಜಗತ್ತಿನಲ್ಲಿ ಬೇರೆ ಒಂದು ಮಾತು ಓಡ್ತಾ ಇತ್ತು. 1975ರಲ್ಲಿ ಅಮೆರಿಕದ ಎರಿಕ್ ಎಕ್‌ಹೋಮ್ 'ಇನ್ನೊಂದು ಇಂಧನ ಬಿಕ್ಕಟ್ಟು' ಅಂತ ಸೌದೆ ಬಗ್ಗೆ ಬರೆದಮೇಲೆ, ಬಡವರು ಅಡುಗೆಗೋಸ್ಕರ ಕಾಡು ಕಡೀತಿದ್ದಾರೆ ಅನ್ನೋದು ಎಲ್ಲ ಕಡೆ ಹಬ್ಬಿತ್ತು. ಕುಣಿಗಲ್ ಹಳ್ಳಿಗಳ ಲೆಕ್ಕ ಹಾಗೆ ಹೇಳಲಿಲ್ಲ. ಹೆಂಗಸರು ತರ್ತಿದ್ದದ್ದು ಪುಳ್ಳೆ, ಒಣರೆಂಬೆ. ದಿಮ್ಮಿಗಳು ಹೋಗ್ತಿದ್ದದ್ದು ಲಾರಿಯಲ್ಲಿ, ಬೆಂಗಳೂರಿನಂಥ ಊರುಗಳ ಸೌದೆ ಡಿಪೋಗಳಿಗೆ. ಕಾಡಿನ ಖರ್ಚನ್ನ ತಪ್ಪು ಖಾತೆಗೆ ಬರೆದಿದ್ರು ಅಂತ ಹೇಳಬಹುದು.

ಇನ್ನು ಒಲೆ. ಮೂರು ಕಲ್ಲಿನ ಒಲೆಯಲ್ಲಾಗಲಿ, ಸಾಮಾನ್ಯ ಮಣ್ಣೊಲೆಯಲ್ಲಾಗಲಿ ಬೆಂಕಿಯ ಬಿಸಿ 100 ಭಾಗ ಇದ್ರೆ ಪಾತ್ರೆಗೆ ಮುಟ್ಟೋದು 10-15 ಭಾಗ. ಮಿಕ್ಕಿದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡೋರ ಮುಖಕ್ಕೆ. 1980ರ ದಶಕದ ಶುರುವಿನಲ್ಲಿ ಅಸ್ತ್ರದವರು ಇದನ್ನ ತಿದ್ದಿದ್ರು. ಬೆಂಕಿಗೂಡಿಗೆ ಬಾಗಿಲು ಹಾಕಿದ್ರು. ಸೌದೆ ಕೆಳಗೆ ಜಾಲರಿ, ಅದರ ಕೆಳಗಿಂದ ಅಳತೆಯಾಗಿ ಗಾಳಿ. ಬಿಸಿಗಾಳಿ ಮೊದಲ ಪಾತ್ರೆಯ ಸುತ್ತ ಸುತ್ತಿ, ಎರಡನೇದಕ್ಕೆ, ಮೂರನೇದಕ್ಕೆ ಹೋಗಿ ಆಮೇಲೆ ಕೊಳವೆಯಲ್ಲಿ ಮೇಲಕ್ಕೆ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಕೊನೇದರಲ್ಲಿ ಬಿಸಿನೀರು. ಪ್ರಯೋಗಾಲಯದಲ್ಲಿ 40 ಭಾಗಕ್ಕಿಂತ ಹೆಚ್ಚು ಬಿಸಿ ಪಾತ್ರೆಗೇ ಸಿಕ್ತು. ಅಂದ್ರೆ ಅಷ್ಟೇ ಅಡುಗೆಗೆ ಅರ್ಧಕ್ಕಿಂತ ಕಡಿಮೆ ಸೌದೆ ಸಾಕು, ಕಾಗದದ ಮೇಲೆ.

ಕಾಗದದಿಂದ ಅಡುಗೆಮನೆಗೆ ಬಂದಾಗ ಏನಾಗುತ್ತೆ ನೋಡಿ. ಬಾಗಿಲಿರೋ ಬೆಂಕಿಗೂಡಿಗೆ ಉದ್ದದ ಕೊಂಬೆ ತುರುಕೋಕಾಗಲ್ಲ, ಸಣ್ಣಗೆ ಸೀಳಬೇಕು. ಸೀಳೋರು ಯಾರು? ಅವಳೇ. ಪಾತ್ರೆ ಗೂಡಿನೊಳಗೆ ಸರಿಯಾಗಿ ಕೂರಬೇಕು, ಹಾಗಾಗಿ ಮನೆಯ ಪಾತ್ರೆ ಅಳತೆಗೇ ಒಲೆ ಕಟ್ಟಬೇಕು. ಮುಂದಿನ ಜಾತ್ರೆಯಲ್ಲಿ ಬೇರೆ ತಪ್ಪಲೆ ತಂದ್ರೆ ಸಂದಿಯಲ್ಲಿ ಹೊಗೆ. ಕೊಳವೆ ಹೊರಗೆ ಹೋಗೋಕೆ ಹೆಂಚು ತೆಗೆಯಬೇಕು, ಮಳೆಗಾಲದಲ್ಲಿ ಅಲ್ಲೇ ಸೋರುತ್ತೆ. ಕೊಳವೆಯ ಮಸಿ ಆಗಾಗ ಕೆರೆಯದಿದ್ರೆ ಹೊಗೆ ವಾಪಸ್ ಒಳಗೇ. ಅದೂ ಅಲ್ಲದೆ ಹಳೇ ಒಲೆಗೆ ಬೇರೆ ಉಪಯೋಗಗಳಿದ್ವು: ದೀಪ ಇಲ್ಲದ ಸಂಜೆ ಬೆಳಕು, ಚಳಿಗೆ ಬಿಸಿ, ಅಟ್ಟದ ಕಾಳಿಗೆ ಹುಳ ಹತ್ತದಂತೆ ಹೊಗೆ. ಹಳೇ ಮೈಸೂರು ಸೀಮೆಯಲ್ಲಿ ಮುದ್ದೆ ಬೇರೆ. ಕೋಲು ಹಾಕಿ ಬಲವಾಗಿ ತಿರುವುವಾಗ ಪಾತ್ರೆ ಅಲ್ಲಾಡಬಾರದು, ಒಲೆಯ ಅಂಚು ಬಿರುಕು ಬಿಡಬಾರದು. ಇದ್ಯಾವುದೂ ಮೂಢನಂಬಿಕೆ ಅಲ್ಲ, ದಿನಾ ಒಲೆ ಹಚ್ಚೋರ ಲೆಕ್ಕ.

ಒಲೆ ಕಟ್ಟೋದನ್ನ ಕಲಿತ ಕೈ ಇದ್ದ ಕಡೆ, ಆಮೇಲೆ ಬಂದು ನೋಡೋರು ಇದ್ದ ಕಡೆ ಅಸ್ತ್ರ ಒಲೆ ನಿಜವಾಗಿಯೂ ಸೌದೆ ಉಳಿಸ್ತು. ಕಷ್ಟ ಶುರುವಾದದ್ದು ಅದು ಸರ್ಕಾರದ ಗುರಿಯಾದಾಗ. 1983ರ ಕೊನೆಯಲ್ಲಿ ದೆಹಲಿಯಿಂದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು. ಬೆಲೆಯ ಕನಿಷ್ಠ ಅರ್ಧ ಸಬ್ಸಿಡಿ. ಹಳ್ಳಿಗೆ ಇಷ್ಟು, ತಾಲೂಕಿಗೆ ಇಷ್ಟು ಅಂತ ಗುರಿ. 2002ರ ಹೊತ್ತಿಗೆ ದೇಶದಲ್ಲಿ ಸುಮಾರು 3.5 ಕೋಟಿ ಒಲೆ ಕಟ್ಟಿದೆವು ಅನ್ನೋ ಲೆಕ್ಕದೊಂದಿಗೆ ಕಾರ್ಯಕ್ರಮ ಮುಗೀತು. ಲೆಕ್ಕಕ್ಕೆ ಸಿಗೋದು ಕಟ್ಟಿದ ಒಲೆ, ಉರಿಯೋ ಒಲೆ ಅಲ್ಲ. ಗೂಡು ಎರಡು ಇಂಚು ದೊಡ್ಡದಾದ್ರೆ ಉಳಿತಾಯವೆಲ್ಲ ಹೋಯ್ತು, ಆದ್ರೆ ರಿಜಿಸ್ಟರಿನಲ್ಲಿ ಅದೂ ಒಂದು ಒಲೆಯೇ. ನಮ್ಮ ಆಡಿಟ್ ಪಾಠದಲ್ಲಿ ಮೊದಲ ವಾರ ಹೇಳಿಕೊಡ್ತಿದ್ರು, ಸ್ಟಾಕ್ ಪುಸ್ತಕ ನೋಡಿದ್ರೆ ಸಾಲದು, ಗೋಡೌನಿಗೂ ಹೋಗಿ ಅಂತ.

ಅದೇ ಕಾಲದಲ್ಲಿ ಚೀನಾ ಕೂಡ ಒಲೆ ಬದಲಾಯಿಸ್ತು. 1980ರ ದಶಕದ ಶುರುವಿನಿಂದ ಹತ್ತು ವರ್ಷದಲ್ಲಿ ಸುಮಾರು 12.9 ಕೋಟಿ. ಅಲ್ಲಿ ಖರ್ಚಿನ ಬಹುಪಾಲು ಮನೆಯವರೇ ಹಾಕಿದ್ರು, ಸರ್ಕಾರದ ದುಡ್ಡು ಹೆಚ್ಚಾಗಿ ತರಬೇತಿಗೆ, ತಪಾಸಣೆಗೆ ಹೋಯ್ತು. ಅಲ್ಲೂ ಎಲ್ಲ ಚೆನ್ನಾಗಿತ್ತು ಅಂತಲ್ಲ, ಕಲ್ಲಿದ್ದಲು ಉರಿಸೋ ಮನೆಗಳ ಗಾಳಿ ಕೆಟ್ಟದಾಗೇ ಇತ್ತು. ಆದ್ರೆ ದುಡ್ಡು ಕೊಟ್ಟವರು 'ಇದು ಉರೀತಿಲ್ಲ' ಅಂತ ಕೇಳ್ತಾರೆ, ಪುಕ್ಕಟೆ ಪಡೆದವರು ಮೂಲೆಗೆ ಹಾಕ್ತಾರೆ. ನಮ್ಮಲ್ಲಿ ಇದನ್ನ ಬಹಳ ತಡವಾಗಿ ಅಳೆದರು. ಎಸ್ತರ್ ಡುಫ್ಲೋ ಮತ್ತು ಇಬ್ಬರು ಅರ್ಥಶಾಸ್ತ್ರಜ್ಞರು ಒಡಿಶಾದಲ್ಲಿ ಸುಮಾರು 2,600 ಮನೆಗಳನ್ನ ನಾಲ್ಕು ವರ್ಷದವರೆಗೆ ಹಿಂಬಾಲಿಸಿ 2012ರಲ್ಲಿ ಬರೆದ್ರು: ಮೊದಲ ವರ್ಷ ಉಸಿರಿಗೆ ಹೋಗೋ ಹೊಗೆ ಕಡಿಮೆಯಾಯ್ತು, ಆಮೇಲೆ ಇಲ್ಲ. ಮನೆಯವರು ಒಲೆ ರಿಪೇರಿ ಮಾಡಲಿಲ್ಲ, ಬಳಕೆಯೂ ಇಳೀತು.

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ. ಜನಕ್ಕೆ ಅರಿವಿಲ್ಲ ಅನ್ನೋ ಮಾತು ನಾನು ಒಪ್ಪಲ್ಲ. ಒಂದೇ ಮನೆಯಲ್ಲಿ ಎರಡು ಖಾತೆ ಇರುತ್ತೆ. ಕೊಳವೆ ತರೋಕೆ, ಕೂಲಿ ಕೊಡೋಕೆ ದುಡ್ಡು ಬಿಚ್ಚೋರು ಒಬ್ಬರು. ಸೌದೆ ಹೊರೋ ತಲೆ, ಹೊಗೆ ಕುಡಿಯೋ ಎದೆ ಇನ್ನೊಬ್ಬರದು. ಮೊದಲನೇ ಖಾತೆಯಲ್ಲಿ ಸೌದೆ ಪುಕ್ಕಟೆ. ಎರಡನೇ ಖಾತೆ ಬರೆಯೋರೇ ಇಲ್ಲ. ಹಾಗಿರುವಾಗ ಅರ್ಧ ಸೌದೆ ಉಳಿಯುತ್ತೆ ಅಂದ್ರೆ ಮೊದಲನೇ ಖಾತೆಗೆ ಉಳಿಯೋದೆಷ್ಟು? ಸೊನ್ನೆಯ ಅರ್ಧ, ಸೊನ್ನೆ.

ಅಸ್ತ್ರದವರಿಗೆ ಇದು ಗೊತ್ತಾಗ್ತಾ ಹೋಯ್ತು ಅನ್ನೋಕೆ ಪಕ್ಕದ ಪುರ ಹಳ್ಳಿ ಸಾಕ್ಷಿ. ಅಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡೋ ಯೋಜನೆ ಇತ್ತು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಊರವರಿಗೆ ಅದಕ್ಕಿಂತ ತುರ್ತಾಗಿ ಬೇಕಾಗಿದ್ದದ್ದು ಕುಡಿಯೋ ನೀರು, ಮನೆಗೆ ದೀಪ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಕೊಳವೆಬಾವಿಯಿಂದ ನೀರೆತ್ತಿ, ದೀಪ ಹಚ್ಚಿದ್ರು. ಸಗಣಿ ತಂದು ಕೊಟ್ಟವರಿಗೆ ಕೆ.ಜಿ.ಗೆ 2 ಪೈಸೆ, ಜೊತೆಗೆ ಗೊಬ್ಬರ ವಾಪಸ್. ಈ ಪೈಸೆ ಹೆಚ್ಚಾಗಿ ಹೋದದ್ದು ಹೆಂಗಸರು, ಮಕ್ಕಳ ಕೈಗೆ. ಎರಡು ಪೈಸೆ ಅಂತ ನಗಬೇಡಿ. ಎರಡನೇ ಖಾತೆಯಲ್ಲಿ ಬಿದ್ದ ಜಮೆ ಅದು.

ಆಮೇಲಿನದ್ದು ನಿಮಗೆ ಗೊತ್ತಿರೋ ಕಥೆ. ಸಿಲಿಂಡರ್ ಬಂತು. 2016ರ ಮೇ 1ಕ್ಕೆ ಉಜ್ವಲಾ ಯೋಜನೆ ಶುರುವಾಗಿ, 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಸಂಪರ್ಕ. ಮನೆಯ ಹೆಂಗಸಿನ ಹೆಸರಲ್ಲೇ ಸಂಪರ್ಕ ಅನ್ನೋದು ನನ್ನ ಮಟ್ಟಿಗೆ ಆ ಯೋಜನೆಯ ಜಾಣತನದ ಭಾಗ. ಸೌದೆ ಒಲೆ ಎಷ್ಟೇ ಸುಧಾರಿಸಿದ್ರೂ ಗ್ಯಾಸಿನಷ್ಟು ಸ್ವಚ್ಛ ಆಗಲ್ಲ, ಇದರಲ್ಲಿ ವಾದ ಇಲ್ಲ. ಆರೋಗ್ಯ ಒಂದೇ ನೋಡಿದ್ರೆ ಆಯ್ಕೆ ಸುಲಭ.

ಆದ್ರೆ ಸರ್ಕಾರದ್ದೇ ಅಂಕಿ ಪ್ರಕಾರ ಉಜ್ವಲಾ ಮನೆಗಳು ವರ್ಷಕ್ಕೆ ತುಂಬಿಸಿಕೊಂಡ ಸಿಲಿಂಡರ್ 2019-20ರಲ್ಲಿ ಸರಾಸರಿ 3.01, 2022-23ರಲ್ಲಿ 3.71. ಒಂದು ಸಿಲಿಂಡರ್ 14.2 ಕೆ.ಜಿ. ನಾಲ್ಕೈದು ಜನರ ಮನೆ ಪೂರ್ತಿ ಗ್ಯಾಸಲ್ಲೇ ಅಡುಗೆ ಮಾಡಿದ್ರೆ ವರ್ಷಕ್ಕೆ ನಾಲ್ಕಕ್ಕಿಂತ ಕಡಿಮೆ ಸಿಲಿಂಡರಿನಲ್ಲಿ ಮುಗಿಯುತ್ತಾ? ನಿಮ್ಮ ಮನೆಯಲ್ಲೇ ಎಣಿಸಿ ನೋಡಿ. ಉಳಿದ ತಿಂಗಳು ಏನು ಉರೀತು ಅಂತ ಹೇಳಬೇಕಾಗಿಲ್ಲ. ಮೊದಲ ಕಂತಿನ ಉಜ್ವಲಾದಲ್ಲಿ ಸ್ಟೌವ್, ಮೊದಲ ಸಿಲಿಂಡರ್ ಸಾಲದ ಮೇಲೆ ಪಡೆದವರಿಗೆ ಬರಬೇಕಿದ್ದ ಸಬ್ಸಿಡಿ ಆ ಸಾಲಕ್ಕೇ ಹೋಗ್ತಿತ್ತು. ತುಂಬಿಸೋಕೆ ಒಟ್ಟಿಗೆ ನೂರಾರು ರೂಪಾಯಿ ನಗದು ಬೇಕು, ಪುಳ್ಳೆಗೆ ಬೇಡ. ಪುಳ್ಳೆ ಪುಕ್ಕಟೆ ಅಲ್ವಾ.

ಮತ್ತೆ ಹಂಡೆ. ಅಡುಗೆಗೆ ಗ್ಯಾಸ್ ಇರೋ ಎಷ್ಟೋ ಮನೆಗಳ ಬಚ್ಚಲಲ್ಲಿ ಇವತ್ತಿಗೂ ತಾಮ್ರದ ಹಂಡೆ ಕೆಳಗೆ ಸೌದೆ, ತೆಂಗಿನ ಗರಿ ಉರೀತಿರುತ್ತೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅದನ್ನ ಹಚ್ಚೋರು ಯಾರು, ಸೌದೆ ತಂದು ಹಾಕೋರು ಯಾರು, ಸಿಲಿಂಡರ್ ಬುಕ್ ಮಾಡೋ ಫೋನ್ ಯಾರ ಕೈಯಲ್ಲಿದೆ? ಈ ಮೂರನ್ನ ಮನೇಲಿ ಕೇಳಿ ನನಗೆ ವಾಯ್ಸ್ ನೋಟ್ ಕಳಿಸಿ. ಅಸ್ತ್ರ ಒಲೆ ಇನ್ನೂ ಉರೀತಿರೋ ಮನೆ ಗೊತ್ತಿದ್ರೆ ಅದರ ಫೋಟೋನೂ ಕಳಿಸಿ. ಮುಂದಿನ ವಾರ ಬಚ್ಚಲ ಹಂಡೆಯಿಂದಲೇ ಶುರು ಮಾಡೋಣ.