ಮೈಸೂರು ಅಂಚೆ: ಆದಾಯ ಮತ್ತು ಬಾಳಿಕೆಯ ಪ್ರಶ್ನೆ

ಮೈಸೂರು ಸಂಸ್ಥಾನದ ಸ್ವಂತ ಟಪ್ಪಾಲು ವ್ಯವಸ್ಥೆಯಾದ ‘ಅಂಚೆ’ಯ ಆರಂಭವನ್ನು ರೂಢಿಯಲ್ಲಿ 1672ಕ್ಕೆ ಹಾಕಿ, ಅದನ್ನು ಚಿಕ್ಕದೇವರಾಜ ಒಡೆಯರ ಹೆಸರಿಗೆ ಸೇರಿಸಲಾಗುತ್ತದೆ; ಅವರು ಪಟ್ಟಕ್ಕೆ ಬಂದದ್ದೇ 1673ರಲ್ಲಾದ್ದರಿಂದ ಈ ಇಸವಿಯನ್ನು ಸ್ಥೂಲವಾಗಿಯೇ ಗ್ರಹಿಸಬೇಕು. ಅದರ ಉದ್ದೇಶದ ಬಗ್ಗೆ ಮಾತ್ರ ಅಂಥ ಗೊಂದಲವಿಲ್ಲ. ಓಲೆ ಒಯ್ಯುವ ಆಳುಗಳಾದ ಹರಿಕಾರರು ಒಂದು ಠಾಣೆಯಿಂದ ಮುಂದಿನ ಠಾಣೆಗೆ ಓಡಿ ಚೀಲವನ್ನು ಅಲ್ಲಿ ಕಾದಿರುವವನ ಕೈಗೆ ದಾಟಿಸುವುದು ಮೇಲ್ನೋಟದ ಕೆಲಸವಾದರೆ, ಊರೂರಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವುದು ಅದರ ಬೆನ್ನಿಗಿದ್ದ ಕೆಲಸವಾಗಿತ್ತೆಂದು 19ನೆಯ ಶತಮಾನದ ಆರಂಭದಲ್ಲಿ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಸುದ್ದಿಗೆ ಬೆಲೆ ಕಟ್ಟುವವನು ಅರಸನೊಬ್ಬನೇ ಆಗಿರುವಾಗ ಖರ್ಚಿಗೆ ತಕ್ಕ ಹುಟ್ಟುವಳಿ ಇದೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಈ ಪ್ರಶ್ನೆ ತಲೆಯೆತ್ತಿದ್ದು ಬ್ರಿಟಿಷ್ ಇಂಡಿಯಾದ ಅಂಚೆ ಎದುರಿಗೆ ಬಂದು ನಿಂತಾಗ. 1854ರ ಸುಧಾರಣೆಯಿಂದ ಕಾಲು ತೊಲದ ಕಾಗದಕ್ಕೆ, ದೂರ ಎಷ್ಟೇ ಇರಲಿ, ಅರ್ಧ ಆಣೆ ಎಂಬ ಒಂದೇ ದರ ಜಾರಿಗೆ ಬಂದಿತು. 1864ರಲ್ಲಿ ರೈಲು ಬೆಂಗಳೂರನ್ನು ಮುಟ್ಟಿತು. 1879ರಲ್ಲಿ ಕಾಲಾಣೆಯ ಕಾರ್ಡು ಹೊರಬಂದಿತು. ಮದರಾಸಿಗೋ ಮುಂಬಯಿಗೋ ಬರೆಯಬೇಕಾದ ವರ್ತಕನಿಗೆ ಗಡಿಯೊಳಗೇ ನಿಲ್ಲುವ ಜಾಲದಿಂದ ಪೂರ್ತಿ ಕೆಲಸ ಆಗುವಂತಿರಲಿಲ್ಲ. ಖಾಸಗಿ ಪತ್ರಗಳ ಲಾಭದಾಯಕ ಭಾಗ ಹೀಗೆ ಕೈತಪ್ಪುತ್ತ ಹೋದರೂ, ಸರ್ಕಾರಿ ಕಾಗದಗಳನ್ನು ದೂರದ ತಾಲ್ಲೂಕುಗಳಿಗೆ ತಲುಪಿಸುವ ಹೊರೆ ಸಂಸ್ಥಾನದ ಅಂಚೆಯ ಹೆಗಲ ಮೇಲೆಯೇ ಉಳಿಯಿತು. ಅಂಚೆಚೀಟಿಯನ್ನು ಅದು ಕೊನೆಯವರೆಗೂ ಅಚ್ಚು ಹಾಕಿಸಲಿಲ್ಲ. ಚೀಟಿಯೆಂದರೆ ಮುಂಗಡ ಸಂದಾಯದ ಗುರುತಷ್ಟೇ ಅಲ್ಲ, ಇಲಾಖೆಯ ಸಂಪಾದನೆಯನ್ನು ಖಜಾನೆಯ ಲೆಕ್ಕದಿಂದ ಬೇರ್ಪಡಿಸಿ ತೋರಿಸುವ ಸಾಧನವೂ ಹೌದು ಎಂಬುದನ್ನು ನೆನೆದರೆ ಈ ಕೊರತೆ ಸಣ್ಣದಲ್ಲ.

1876–78ರ ಕ್ಷಾಮದ ಸಾಲವನ್ನು ಹೊತ್ತೇ 1881ರಲ್ಲಿ ಒಡೆಯರ ಕೈಗೆ ಮರಳಿದ ಆಡಳಿತವು ದಿವಾನ್ ರಂಗಾಚಾರ್ಲು ಅವರ ಕಾಲದಿಂದಲೇ ಖರ್ಚು ಕಡಿತಕ್ಕೆ ತೊಡಗಿತ್ತು. ಒಂದೇ ಸೀಮೆಯಲ್ಲಿ ಎರಡೆರಡು ಅಂಚೆಗಳಿರುವುದು ಅಂಥ ಸರ್ಕಾರಕ್ಕೆ ದುಬಾರಿಯೆನಿಸಿದ್ದರೆ ಆಶ್ಚರ್ಯವಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1889ರಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು.

ಅದಕ್ಕೆ ಒಂದೇ ವರ್ಷ ಮೊದಲು, 1888ರಲ್ಲಿ, ತಿರುವಾಂಕೂರು ತನ್ನ ‘ಅಂಚಲ್’ ಇಲಾಖೆಗಾಗಿ ಶಂಖದ ಗುರುತುಳ್ಳ ಚೀಟಿಗಳನ್ನು ಹೊರಡಿಸಿತ್ತೆಂಬುದು ಗಮನಾರ್ಹ. ಆ ಚೀಟಿಗಳ ಬೆಲೆ ಆಣೆಯಲ್ಲಿರದೆ ರೂಪಾಯಿಗೆ ಇಪ್ಪತ್ತೆಂಟೂವರೆಯಂತೆ ಚಲಾವಣೆಯಲ್ಲಿದ್ದ ‘ಚಕ್ರಂ’ ಎಂಬ ಸ್ಥಳೀಯ ನಾಣ್ಯದಲ್ಲಿತ್ತು; 1892ರಲ್ಲಿ ಕೊಚ್ಚಿಯೂ ಇದೇ ದಾರಿ ಹಿಡಿಯಿತು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಆಳುಗಳಿಂದಲೇ ಬೆಳೆದ ಈ ಅಂಚಲ್, ರೈಲು ಬಂದ ಮೇಲೂ ಬ್ರಿಟಿಷ್ ಅಂಚೆಯ ಪಕ್ಕದಲ್ಲೇ ಬಾಳಿತು. ಮೈಸೂರಿಗೆ ಇಂಥ ಆಯ್ಕೆ ಇರಲೇ ಇಲ್ಲ ಎನ್ನುವ ವಾದ ಇದರ ಎದುರು ಸಡಿಲವಾಗುತ್ತದೆ. ಎರಡೂ ಅಂಚಲ್‌ಗಳು ಭಾರತೀಯ ಅಂಚೆಯನ್ನು ಸೇರಿದ್ದು 1951ರಲ್ಲಿ, ಸಂಸ್ಥಾನಗಳೇ ಒಕ್ಕೂಟದೊಳಗೆ ಕರಗಿದ ಮೇಲೆ.